ಯುದ್ಧ ಮಾಡದ ಜಲಾಂತರ್ಗಾಮಿ

ನಮ್ಮ ಜಲಾಂತರ್ಗಾಮಿ ಇಡೀ ಯುದ್ಧದಲ್ಲಿ ಒಂದೇ ಒಂದು ಹಡಗನ್ನೂ ಮುಳುಗಿಸಲಿಲ್ಲ. ನಗುವವರು ನಗಲಿ, ನನಗೇನು. ಕೀಲ್ ಬಂದರಿನಲ್ಲಿ ಕಟ್ಟಿದ ಅದು ಬಾಲ್ಟಿಕ್ ಸಮುದ್ರ ದಾಟಲೇ ಇಲ್ಲ. ಹೊಸ ಹುಡುಗರಿಗೆ ಮುಳುಗುವುದು, ಏಳುವುದು ಕಲಿಸುವುದೇ ಅದರ ಕೆಲಸ. ನಾನು ಅದರ ಅಡುಗೆಯವನು. ಎಂಜಿನ್ನುಗಳ ಯಜಮಾನ ಬ್ರೋಡರ್ಸನ್. ನಾವೆಲ್ಲ ಚೀಫ್ ಅನ್ನುತ್ತಿದ್ದೆವು. ಹುಡುಗರ ಕಿವಿ ಹಿಂಡಿ ಕಲಿಸುತ್ತಿದ್ದ. ಕಲಿತವರು ಅಟ್ಲಾಂಟಿಕ್‌ಗೆ ಹೋದರು, ಬಹುಪಾಲು ಮಂದಿ ಮರಳಲಿಲ್ಲ. ಸುದ್ದಿ ಬಂದಾಗಲೆಲ್ಲ ಚೀಫ್ ಎಂಜಿನ್ನಿನ ಪಕ್ಕ ಹೋಗಿ ಕೂತುಬಿಡುತ್ತಿದ್ದ. ನೋಡಿ ನನಗೆ ಸಂಕಟವಾಗುತ್ತಿತ್ತು.

ನಲವತ್ತೈದರ ಮೇ ತಿಂಗಳು. ನಾವು ಸೋತಾಗಿತ್ತು. ಶತ್ರುವಿನ ಕೈಗೆ ಸಿಗದಂತೆ ನಾವೇ ಅದನ್ನು ಮುಳುಗಿಸಬೇಕೆಂದು ಗೆಲ್ಟಿಂಗ್ ಕೊಲ್ಲಿಗೆ ತಂದೆವು. ಕ್ಯಾಪ್ಟನ್ ಮತ್ತು ಉಳಿದವರು ದಡ ಸೇರಿದರು. ನೀರು ಬಿಡಲು ಚೀಫ್ ಒಳಗಿಳಿದ. ರಬ್ಬರ್ ದೋಣಿಯ ಹಗ್ಗ ಹಿಡಿದು ನಾನು ಮೇಲೆ ನಿಂತೆ.

"ಬೇಗ ಬರ್ತೀರಲ್ಲ, ಚೀಫ್?" ಎಂದು ಕೇಳಿದ್ದೆ.

"ನೋಡೋಣ," ಅಂದಿದ್ದ. ಆ ಮಾತು ನನಗೆ ಸರಿಕಾಣಲಿಲ್ಲ.

ಒಳಗೆ ನೀರು ಭೋರ್ಗರೆಯಿತು. ಹಡಗಿನ ಮುಂಭಾಗ ತಗ್ಗತೊಡಗಿತು. ಚೀಫ್ ಪತ್ತೆಯಿಲ್ಲ. ನಾನು ಬಗ್ಗಿ ಒಳಕ್ಕೆ ಕೂಗಿದೆ:

"ಚೀಫ್, ಹುಡುಗ್ರು ಹೋದ್ರು ಅಂತ ನೀವೂ ಹೋಗ್ಬೇಕಾ? ಮೇಲೆ ಬನ್ರೀ. ಇಲ್ದಿದ್ರೆ ನಾನೇ ಇಳೀತೀನಿ. ನಂಗೆ ಈಜು ಬರಲ್ಲ, ಗೊತ್ತಲ್ಲ?"

ಕೆಳಗಿನಿಂದ ದನಿ ಬಂತು: "ಬಾಯ್ಮುಚ್ಕೊಂಡು ಹಗ್ಗ ಹಿಡ್ಕೊಳ್ಳೋ, ಹಿನ್ರಿಕ್. ಕ್ಯಾಪ್ಟನ್ ಕಪಾಟಿನ ಬೀಗ ಒಡೀತಿದ್ದೀನಿ."

ಎದೆಮಟ್ಟ ನೆನೆದು ಹತ್ತಿ ಬಂದ, ತಲೆಯ ಮೇಲೊಂದು ತಗಡಿನ ಡಬ್ಬಿ. ತೆರೆದರೆ ಅಸಲಿ ಕಾಫಿ ಬೀಜ. ವರ್ಷಗಟ್ಟಲೆ ಹುರಿದ ಬಾರ್ಲಿಯ ನೀರನ್ನೇ ಕಾಫಿ ಎಂದು ನಾನು ಎಲ್ಲರಿಗೂ ಕುಡಿಸಿದ್ದೆ.

"ಹಡಗು ಮುಳುಗಿಸಿ ಅಂದ್ರು. ಕಾಫಿ ಮುಳುಗಿಸಿ ಅಂದ್ರಾ?" ಎಂದ.

ದೋಣಿಯಲ್ಲಿ ಕೂತು ಅವನ ವಂಶವನ್ನೆಲ್ಲ ಬೈದೆ. ಬೈಯುತ್ತಲೇ ಅತ್ತೆ. ಅವನು ಹುಟ್ಟು ಹಾಕುತ್ತಾ ಬೈಗುಳವನ್ನೆಲ್ಲ ಕೇಳಿಸಿಕೊಂಡ. ನಮ್ಮ ಹಿಂದೆ ಹಡಗು ಸದ್ದಿಲ್ಲದೆ ಇಳಿದುಹೋಯಿತು.

ದಡದಲ್ಲಿ ಬೆಂಕಿ ಹಾಕಿ, ಬಕೆಟ್ಟಿನಲ್ಲಿ ನೀರು ಕಾಯಲಿಟ್ಟು, ಬೀಜಗಳನ್ನು ಕಲ್ಲಿನಿಂದ ಜಜ್ಜಿ ಮತ್ತೆ ಡಬ್ಬಿಗೆ ತುಂಬಿದೆ. ಘಮ ಹಿಡಿದು ಕ್ಯಾಪ್ಟನ್ನೇ ಮೊದಲು ಓಡಿಬಂದ. ತನ್ನದೇ ಡಬ್ಬಿ ಕಂಡು ಹುಬ್ಬೇರಿಸಿದ, ಆಮೇಲೆ ಮಗ್ಗು ಚಾಚಿದ. ಎಲ್ಲರಿಗೂ ಆಗಲಿ ಎಂದು ನಾನು ಡಬ್ಬಿಯನ್ನೇ ಬಕೆಟ್ಟಿಗೆ ಬಗ್ಗಿಸಹೊರಟೆ.

ಚೀಫ್ ನನ್ನ ಕೈ ಹಿಡಿದ. "ಎಲ್ಲಾ ಸುರೀಬೇಡ ಮಾರಾಯ. ನಾಳೆ ಬೆಳಗ್ಗೆಗೂ ಸ್ವಲ್ಪ ಬೇಕು ನಂಗೆ."

ಅಷ್ಟು ಸಾಕಾಯಿತು ನನಗೆ. ಡಬ್ಬಿಯ ಮುಚ್ಚಳ ಭದ್ರವಾಗಿ ಹಾಕಿದೆ.