ದೇಯನ್ ಹೆಸರಿನಲ್ಲಿ ಆಡಿದ ಹುಡುಗ

ನಾಂಟ್‌ಗಾರೆಗ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಉಳಿದಿದ್ದವರು ಆರೇ ಜನ. ಬೆಟ್ಟದ ತಿರುವಿನಲ್ಲಿ ಬೈಕು ಉರುಳಿ ದೇಯನ್ ಸತ್ತ ಮೇಲೆ ಮಿಕ್ಕ ಹುಡುಗರಿಗೆ ಆ ಮೈದಾನವೇ ಬೇಡವಾಯಿತು. ಒಬ್ಬೊಬ್ಬರಾಗಿ ಪಕ್ಕದ ಊರಿನ ಕ್ಲಬ್ಬುಗಳಿಗೆ ಜಾರಿಕೊಂಡರು. ಏಳು ಜನರಾದರೂ ಇಲ್ಲದೆ ಆಟ ಶುರುಮಾಡುವಂತಿಲ್ಲ. ಎರಡು ಸಲ ಆಗಲೇ ಜನ ಸಾಲದೆ ಆಟಕ್ಕೆ ಕೈಕೊಟ್ಟಾಗಿತ್ತು. ಇನ್ನೊಂದು ಸಲ ಕೈಕೊಟ್ಟರೆ ಲೀಗಿನಿಂದ ಹೊರಗೆ, ಅಜ್ಜಂದಿರ ಕಾಲದ ಕ್ಲಬ್ಬಿಗೆ ಎಳ್ಳುನೀರು ಬಿಟ್ಟಂತೆಯೇ.

ಆ ಶನಿವಾರ ಮ್ಯಾನೇಜರ್ ಮೈರಿಗ್ ತನ್ನ ಹೆಂಡತಿಯ ಅಕ್ಕನ ಮಗ ಲ್ಯೂಕ್‌ನನ್ನು ಎಳೆದುಕೊಂಡು ಬಂದ. ಲಿವರ್‌ಪೂಲಿನಿಂದ ವೇಲ್ಸಿನ ಗಾಳಿ ಕುಡಿಯಲು ನೆಂಟನಾಗಿ ಬಂದಿದ್ದ ಹುಡುಗ. ಅಲ್ಲಿನ ಕ್ಲಬ್ಬಿನಲ್ಲಿ ಹೆಸರು ಬರೆಸಿದವನು, ಇಲ್ಲಿ ಆಡುವಂತಿಲ್ಲ. ಮೈರಿಗ್ ದೇಯನ್‌ನ ಅಪ್ಪ ಇದ್ವಲ್ ಹತ್ತಿರ ಬಂದು ನೆಲ ನೋಡುತ್ತ ನಿಂತ. ಇದ್ವಲ್ ಕ್ಲಬ್ಬಿನ ಪರವಾಗಿ ನಿಲ್ಲುವ ಲೈನ್ಸ್‌ಮನ್. ಗೆರೆಯ ಪಕ್ಕ ಬಾವುಟ ಹಿಡಿದು ಓಡುವ ಕೆಲಸ ಅವನ ತಲೆಗೆ ಬಂದು ಎಷ್ಟೋ ಕಾಲವಾಗಿತ್ತು.

"ಇದ್ವಲ್... ನಿನ್ ಮಗನ ಹೆಸರು ಲೀಗಿನೋರು ಪಟ್ಟಿಯಿಂದ ಇನ್ನೂ ತೆಗೆದಿಲ್ಲ."

"ನಾನೇ ತೆಗೆಸಿಲ್ಲ ಕಣೋ."

"ಇವತ್ತೊಂದು ದಿನ ಇವನು ಆ ಹೆಸರಲ್ಲಿ ಆಡ್ಲಾ? ರೆಫರಿ ಹೊಸಬ. ಅವನಿಗೇನೂ ಗೊತ್ತಿಲ್ಲ."

"ಎದುರು ಆಡೋ ಬ್ರಿನ್‌ಕೆಲಿನ್ ಹುಡುಗ್ರಿಗೆ ಗೊತ್ತಲ್ಲ? ಮಣ್ಣಿಗೆ ಬಂದಿದ್ರಲ್ಲೋ ಎಲ್ಲಾ."

"ಅವ್ರು ಬಾಯಿ ಬಿಡಲ್ಲ."

ಮಗನ ಪ್ರಾಣವೇ ಆಗಿದ್ದ ಕ್ಲಬ್ಬು. ಅದೂ ಹೋಗಿಬಿಟ್ಟರೆ ಅವನದು ಎಂದು ಉಳಿಯುವುದೇನು? ಇದ್ವಲ್ ತಲೆಯಾಡಿಸಿದ.

ಆಟ ಶುರುವಾಯಿತು ಅನ್ನುವುದಕ್ಕಿಂತ ಮರ್ಯಾದೆ ಹೋಗಲು ಶುರುವಾಯಿತು ಅನ್ನಬೇಕು. ಹನ್ನೊಂದು ಜನರ ಎದುರು ಏಳು ಜನ ಏನು ಕಡಿದು ಕಟ್ಟೆ ಹಾಕುತ್ತಾರೆ? ಗೋಲಿನ ಮೇಲೆ ಗೋಲು ಬಿತ್ತು. ಅದಕ್ಕಿಂತ ಕಷ್ಟವಾದದ್ದು ಬೇರೆ. ಚೆಂಡು ಲ್ಯೂಕ್‌ನ ಕಾಲಿಗೆ ಬಂದಾಗಲೆಲ್ಲ ತಂಡದವರ ಬಾಯಿ ಕಟ್ಟಿಹೋಗುತ್ತಿತ್ತು. ಆ ಹೆಸರು ಕೂಗಲು ಯಾರಿಗೂ ನಾಲಗೆ ಏಳಲಿಲ್ಲ. ಒಬ್ಬ ಮರೆತು "ಲ್ಯೂ..." ಎಂದವನು ಉಳಿದದ್ದನ್ನು ನುಂಗಿಕೊಂಡ. ರೆಫರಿ ತಿರುಗಿ ನೋಡಿದ.

ಸಿಕ್ಕಿಬಿದ್ದೆವು ಅನ್ನಿಸಿತು ಇದ್ವಲ್‌ಗೆ. ಮಣ್ಣು ಮಾಡಿ ಬಂದ ದಿನದಿಂದ ಮನೆಯಲ್ಲಿ ಅವನಾಗಲಿ ಹೆಂಡತಿಯಾಗಲಿ ಬಾಯಿ ಬಿಟ್ಟು ಆಡಿರದ ಹೆಸರನ್ನು ಅವನೇ ಕೂಗಿದ.

"ದೇಯನ್! ಹಿಂದೆ ಬಾರೋ, ಹಿಂದೆ!"

ಲ್ಯೂಕ್ ತಿರುಗಿ ನೋಡಿ ಹಿಂದೆ ಬಂದ.

ಆಮೇಲೆ ಎಲ್ಲರ ಬಾಯಿಯ ಬೀಗ ಕಳಚಿತು. "ದೇಯನ್, ನಂಗೆ ಕೊಡೋ!" "ದೇಯನ್, ಎಡಕ್ಕೆ!" ಎದುರಾಳಿ ತಂಡದ ನಾಯಕ ಹೆವಿನ್, ವರ್ಷಗಟ್ಟಲೆ ದೇಯನ್‌ನ ಬೆನ್ನು ಬಿದ್ದು ಕಾಲು ಕೊಟ್ಟು ಬೀಳಿಸಿದವನು, "ದೇಯನ್‌ನ ಬಿಡಬೇಡ್ರೋ! ಬಿಟ್ರೆ ಕೈಗೆ ಸಿಗಲ್ಲ ಆ ಕಳ್ಳ!" ಎಂದು ತನ್ನವರಿಗೆ ಕಿರುಚಿದ. ಕಿರುಚಿ ಮುಖ ಆಚೆ ತಿರುಗಿಸಿಕೊಂಡ. ಇದ್ವಲ್ ಬೇಕಾದ್ದಕ್ಕೂ ಬೇಡದ್ದಕ್ಕೂ ಕೂಗಿದ. ಗಂಟಲು ಕಟ್ಟಿದರೂ ನಿಲ್ಲಿಸಲಿಲ್ಲ. ಇಷ್ಟು ದಿನ ಒಳಗೇ ಇಟ್ಟುಕೊಂಡದ್ದೆಲ್ಲ ಹೊರಗೆ ಬರುತ್ತಿತ್ತು. ಅದು ಸುಖವೋ ಸಂಕಟವೋ ಅವನಿಗೇ ತಿಳಿಯಲಿಲ್ಲ.

ಕೊನೆಯ ಸೀಟಿ ಕೇಳಿಸಿತು. ಹದಿನಾಲ್ಕು ಗೋಲಿನ ಸೋಲು. ಆದರೂ ಕ್ಲಬ್ಬು ಉಳಿಯಿತು. ರೆಫರಿ ಇದ್ವಲ್‌ನ ಕೈಕುಲುಕಿ, "ಆ ದೇಯನ್ ನಿಮ್ಮ ಮಗನಾ? ನೀವು ಕೂಗೋದ್ರಲ್ಲೇ ಗೊತ್ತಾಯ್ತು ಬಿಡಿ. ಚಳಿ ಜಾಸ್ತಿ ಆಗ್ತಿದೆ, ಬೇಗ ಮನೆಗೆ ಕರ್ಕೊಂಡು ಹೋಗಿ" ಎಂದ.

"ಹೂಂ ಸಾರ್" ಎಂದ ಇದ್ವಲ್.

ಮೈರಿಗ್ ಕುಣಿಯುತ್ತ ಬಂದ. "ಬದುಕಿಕೊಂಡ್ವಿ ಮಾರಾಯ! ಲ್ಯೂಕ್ ಇನ್ನೂ ಸ್ವಲ್ಪ ದಿನ ಇರ್ತಾನಂತೆ. ಮುಂದಿನ ಶನಿವಾರಾನೂ ಹೀಗೇ..."

"ಬೇಡ. ಇವತ್ತೇ ಲೀಗಿನೋರಿಗೆ ಹೇಳಿ ದೇಯನ್ ಹೆಸರು ತೆಗೆಸಿಬಿಡು."

"ತೆಗೆಸಿದ್ರೆ ಮತ್ತೆ ಆರೇ ಜನ ಕಣೋ. ಕ್ಲಬ್ಬು ಮುಚ್ಚಬೇಕಾಗುತ್ತೆ."

"ಮುಚ್ಚು."

"ಅವನ ಕ್ಲಬ್ಬು, ಇದ್ವಲ್!"

ಇದ್ವಲ್ ಕೆಸರಿನಲ್ಲೇ ಕುಸಿದು ಕೂತ. ಅಷ್ಟು ಜನರ ಮುಂದೆ, ನಾಚಿಕೆ ಬಿಟ್ಟು, ಬಿಕ್ಕಿ ಬಿಕ್ಕಿ ಅತ್ತ.

"ಕೂಗಿದಾಗೆಲ್ಲ ತಿರುಗಿ ನೋಡ್ದ ಕಣೋ" ಎಂದ. "ಒಂದು ಸಲಾನೂ ತಪ್ಪದೆ ತಿರುಗಿ ನೋಡ್ದ. ಪ್ರತಿ ಸಲಾನೂ ಬೇರೆ ಯಾರದೋ ಮುಖ."