ಸ್ಟೇಷನ್ ತನಕದ ವಾದ

ಇವತ್ತು ಒಪ್ಪಿಬಿಟ್ಟರೆ ಮುಂದಿನ ಭಾನುವಾರ ಏನು ಮಾತಾಡುವುದು? ಉದಯಕುಮಾರ್ ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಇದನ್ನೇ ಯೋಚಿಸುತ್ತಿದ್ದ. ಪರದೆಯ ಮೇಲೆ ಅವನೇ ಬರೆದ ಪೈಥಾನ್ ಪ್ರೋಗ್ರಾಮು ತಪ್ಪಿಲ್ಲದೆ ರನ್ ಆಗಿತ್ತು. ಇದನ್ನೇ ಸಿ ಭಾಷೆಯಲ್ಲಿ ಬರೆದಿದ್ದರೆ ಪುಟಗಟ್ಟಲೆ ಆಗುತ್ತಿತ್ತು. ಪೈಥಾನೇ ಮೇಲೆಂದು ಪಕ್ಕದ ಸೀಟಿನ ಕೋಕಿಲಾ ಹೇಳುತ್ತ ಬಂದದ್ದೇ ಸರಿ ಎಂದು ಅವನಿಗೆ ಗೊತ್ತಾಗಿ ಬಹಳ ವಾರಗಳಾಗಿದ್ದವು.

ವಿಜಯನಗರದ ಈ ಕೋಚಿಂಗ್ ಸೆಂಟರಿನಲ್ಲಿ ಉಳಿದವರೆಲ್ಲ ಕಾಲೇಜು ಮುಗಿಸಿದ ಹುಡುಗರು. ಅವರಿಬ್ಬರು ಮಾತ್ರ ಬಿಟ್ಟ ಕೆಲಸಕ್ಕೆ ಮರಳಲು ಬಂದವರು. ಮಗಳು ಹುಟ್ಟಿದ ಮೇಲೆ ಕೋಕಿಲಾ ಕೋಡಿಂಗ್ ಬಿಟ್ಟಿದ್ದಳು, ಮಗಳೀಗ ಹೈಸ್ಕೂಲು. ಉದಯಕುಮಾರ್ ಮ್ಯಾನೇಜರಾದ ಮೇಲೆ ಬಿಟ್ಟಿದ್ದ. ಆಮೇಲೆ ಕಂಪನಿಯವರು ಅವನನ್ನೇ ಬಿಟ್ಟರು. ಪೈಥಾನಿನಲ್ಲಿ ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗಕ್ಕೂ ಅರ್ಥವಿದೆ ಎಂದು ಮೊದಲ ದಿನ ಮೇಷ್ಟ್ರು ಹೇಳಿದಾಗ ಅವನು ಗೊಣಗಿದ್ದ: "ಖಾಲಿ ಜಾಗಾನ ಲೆಕ್ಕಕ್ಕೆ ತಗೊಳ್ಳೋ ಭಾಷೇನ ಹೆಂಗ್ರೀ ನಂಬೋದು? ನಮ್ ಸಿ-ನೇ ವಾಸಿ."

ಪಕ್ಕದಲ್ಲಿದ್ದ ಅವಳು ತಿರುಗಿದ್ದಳು. "ನಿಮ್ ಸಿ ನಮ್ಮತ್ತೆ ಇದ್ದಂಗೆ ಸಾರ್. ತೆಗೆದ ಬಾಗಿಲೆಲ್ಲ ಮುಚ್ಚಿದೀನಾ ಅಂತ ಮನೆ ತುಂಬಾ ನೋಡ್ಕೊಂಡ್ ಬರ್ತಾರೆ. ಒಂದ್ ಬ್ರಾಕೆಟ್ ಮುಚ್ಚೋದ್ ಮರೆತ್ರೂ ಮುಗೀತು."

ಅಂದಿನಿಂದ ಕ್ಲಾಸು ಬಿಟ್ಟ ಮೇಲೆ ಮೆಟ್ರೋ ಸ್ಟೇಷನ್ ತನಕ ವಾದ. ವೇಗ ಬೇಕೆಂದರೆ ಸಿ ಎನ್ನುತ್ತಿದ್ದ ಅವನು. ಯಂತ್ರದ ವೇಗ ಯಾರಿಗೆ ಬೇಕು, ಬರೆಯುವವರ ಆಯುಷ್ಯ ಉಳಿಯಲಿ ಎನ್ನುತ್ತಿದ್ದಳು ಅವಳು. ನಡುವೆ ಜಾವಾ ಭಾಷೆಯನ್ನು ಎಳೆದು ತಂದು ಇಬ್ಬರೂ ಸೇರಿ ಬೈಯುತ್ತಿದ್ದರು. ಅಮ್ಮ ಹೋದ ಮೇಲೆ ಅವನ ಮನೆಯಲ್ಲಿ ದನಿಯೆಂದರೆ ಕುಕ್ಕರಿನದು. ವಾರವಿಡೀ ಅವನು ಹೊಸ ತಕರಾರುಗಳನ್ನು ಹುಡುಕಿಟ್ಟುಕೊಳ್ಳುತ್ತಿದ್ದ. ಒಂದೆರಡನ್ನು ಒಲೆಯ ಮುಂದೆ ನಿಂತು ಹೇಳಿಯೂ ನೋಡಿದ್ದ.

ಇವತ್ತು ಕ್ಲಾಸಿನ ಕೊನೆಯಲ್ಲಿ ಕೋಕಿಲಾ ಮೈಸೂರ್‌ಪಾಕಿನ ಡಬ್ಬಿ ತೆರೆದು, ಎಲ್ಲರಿಗೂ ಕಾಗದದಲ್ಲಿಟ್ಟು ಹಂಚಿದಳು. ಕೆಲಸ ಸಿಕ್ಕಿತ್ತು. ನಾಳೆಯೇ ಸೇರಬೇಕು, ಇನ್ನು ಕ್ಲಾಸಿಗೆ ಬರುವುದಿಲ್ಲ ಎಂದಳು.

ದಾರಿಯಲ್ಲಿ ಅವನೇ ಶುರುಮಾಡಿದ. ಮೆಮೊರಿ ಚೊಕ್ಕಟ ಮಾಡುವ ಕೆಲಸವನ್ನೂ ಭಾಷೆಗೇ ಬಿಟ್ಟರೆ ಬರೆಯುವವರು ಸೋಮಾರಿಗಳಾಗುತ್ತಾರೆ ಎಂದ. ಗುರುವಾರದಿಂದ ಜೋಪಾನ ಮಾಡಿಟ್ಟಿದ್ದ ಮಾತು ಅದು. ಅವಳು ಫೋನಿನಲ್ಲಿ ಮಗಳಿಗೆ ಏನೋ ಬರೆಯುತ್ತಿದ್ದಳು. ಹೂವಿನ ಗಾಡಿಗಳನ್ನು ದಾಟುವವರೆಗೂ ಬರೆಯುತ್ತಲೇ ಇದ್ದಳು. ಆಮೇಲೆ ತಲೆಯೆತ್ತಿ ನಕ್ಕಳು.

"ಹೋಗ್ಲಿ ಬಿಡಿ ಸಾರ್. ನಿಮ್ ಸಿ-ನೇ ಮೇಲು. ಗೆದ್ರಿ ನೀವು."

ಅಲ್ಲ ಎನ್ನಲು ಅವನು ಬಾಯಿ ತೆರೆದ. "ಹಂಗೆ ಅರ್ಧಕ್ಕೇ ಒಪ್ಕೋಬಾರ್ದು ರೀ" ಎಂದಷ್ಟೇ ಬಂತು.

"ಅತ್ತೆಗೂ ಹಿಂಗೇ ಒಪ್ಕೊಳ್ಳೋದು. ಮನೇಲಿ ಶಾಂತಿ."

ಮೆಟ್ಟಿಲ ಬಳಿ ನಿಂತು, ಇಲ್ಲಿಂದ ನಿಮಗೆ ಬಸ್ಸು ಸಿಗುತ್ತಲ್ಲವೇ ಎಂದು ಎಂದಿನಂತೆ ಕೇಳಿದಳು. ಸಿಗುತ್ತೆ ಎಂದು ಅವನೂ ಎಂದಿನಂತೆ ಹೇಳಿದ. ಎಸ್ಕಲೇಟರು ಅವಳನ್ನು ಮೇಲಕ್ಕೆ ಒಯ್ದಿತು. ರಾಜರಾಜೇಶ್ವರಿನಗರದ ಕಡೆಗೆ ಹೋಗುವ ರೈಲು ತಲೆಯ ಮೇಲೆ ಬಂದು ನಿಂತು, ಹೊರಟಿತು.

ಅವನು ಬಂದ ದಾರಿಯಲ್ಲೇ ತಿರುಗಿ ನಡೆದ. ಹೂವಿನ ಗಾಡಿಗಳು ಮತ್ತೆ ಎದುರಾದವು. ಕೋಚಿಂಗ್ ಸೆಂಟರಿನ ಷಟರ್ ಎಳೆದಿದ್ದರು. ಅದನ್ನೂ ದಾಟಿ ಮೂಡಲಪಾಳ್ಯದ ರಸ್ತೆ ಹಿಡಿದ. ಕೈಯಲ್ಲಿದ್ದ ಮೈಸೂರ್‌ಪಾಕಿನ ತುಪ್ಪ ಕಾಗದಕ್ಕೆ ಇಳಿದಿತ್ತು.

ಸ್ಟೇಷನ್ ತನ್ನ ಮನೆಯ ದಾರಿಯಲ್ಲ ಎಂದು ಅವನು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ.