ಚಿಕ್ಕ ಸೊಸೆಯ ಓದು

ಆ ಮನೆಯ ದೊಡ್ಡ ಸೊಸೆ ಬೈಬಲ್ ಓದುವವರ ನಡುವೆಯೇ ಹುಟ್ಟಿ ಬೆಳೆದವಳು. ಅವಳ ಅಪ್ಪ ಚರ್ಚಿನ ಸಭೆಯ ಹಿರಿಯರಲ್ಲೊಬ್ಬರು. ಚಿಕ್ಕವಳಿದ್ದಾಗ ಬೈಬಲಿನ ವಚನಗಳನ್ನು ಗಿಳಿಯ ಹಾಗೆ ಒಪ್ಪಿಸಿ ಬಹುಮಾನ ತಂದವಳು ಅವಳು. ಮದುವೆಯಾಗಿ ಬರುವಾಗ ತವರಿನಿಂದ ಕಪ್ಪು ರಟ್ಟಿನ, ಅಂಚಿಗೆ ಬಂಗಾರದ ಬಣ್ಣ ಬಳಿದ ಬೈಬಲನ್ನು ತಂದಿದ್ದಳು. ಅದು ಅಲಮಾರಿನ ಮೇಲಿನ ಅರೆಯಲ್ಲಿತ್ತು. ಶನಿವಾರ ಅದರ ಧೂಳು ಒರೆಸುತ್ತಿದ್ದಳು, ಭಾನುವಾರ ಎದೆಗೊತ್ತಿಕೊಂಡು ಆರಾಧನೆಗೆ ಹೋಗುತ್ತಿದ್ದಳು. ಉಳಿದ ದಿನಗಳಲ್ಲಿ ಅದರ ಗೊಡವೆಗೆ ಹೋದವಳಲ್ಲ. ಪುರುಸೊತ್ತಾದರೂ ಎಲ್ಲಿತ್ತು? ಗಂಡನದು ಕನ್ನಡಕದ ಅಂಗಡಿ. ಅವನು ಮುಂದೆ ಕೂತು ಗಿರಾಕಿಗಳ ಜೊತೆ ನಗುನಗುತ್ತಾ ಮಾತಾಡಿದರೆ, ಹಿಂದಿನ ಕೋಣೆಯಲ್ಲಿ ಗಾಜನ್ನು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು ಎಲ್ಲ ಇವಳ ಪಾಲಿನ ಕೆಲಸ.

ಮೈದುನ ಲಾರಿ ಓಡಿಸುವವನು. ಅವನ ಹೆಂಡತಿ, ಅಂದರೆ ಚಿಕ್ಕ ಸೊಸೆ, ಬೇರೆ ಥರದ ಮನೆಯಿಂದ ಬಂದವಳು. ಅಲ್ಲಿ ಬೈಬಲ್ ಇರಲಿ, ಹಳೆಯ ಪೇಪರನ್ನೂ ಯಾರೂ ಬಿಡಿಸಿ ನೋಡುತ್ತಿರಲಿಲ್ಲವಂತೆ. ಬ್ರೆಡ್ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ ಮಾಡುವ ಅವಳಿಗೆ ಬೆಳಗಿನ ಹೊತ್ತು ಬಿಡುವಿರುತ್ತಿತ್ತು. ಒಂದು ದಿನ, ತೀರಿಹೋದ ಮಾವನ ರಟ್ಟು ಕಿತ್ತುಹೋದ ಬೈಬಲನ್ನು ಪೆಟ್ಟಿಗೆಯಿಂದ ತೆಗೆದು, ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಕಿಟಕಿಯ ಪಕ್ಕ ಕೂತಳು. ಮರುದಿನವೂ ಕೂತಳು. ಹಾಗೇ ರೂಢಿಯಾಗಿಬಿಟ್ಟಿತು. ಒಂದಿಷ್ಟೇ ಓದುವಳು, ಪೆನ್ಸಿಲಿನಿಂದ ಗೆರೆ ಎಳೆಯುವಳು, ಅರ್ಥವಾಗದ್ದಕ್ಕೆ ಮತ್ತೆ ಹಿಂದಕ್ಕೆ ಹೋಗುವಳು.

ದೊಡ್ಡ ಸೊಸೆ ಮೊದಮೊದಲು ಮೂಗು ಮುರಿದಳು. ಹೊಸ ಹುಮ್ಮಸ್ಸು, ನಾಲ್ಕು ದಿನಕ್ಕೆ ಇಳಿಯುತ್ತೆ ಎಂದು ಗಂಡನ ಹತ್ತಿರ ಹೇಳಿದಳು. ಇಳಿಯಲಿಲ್ಲ. ಅಷ್ಟೇ ಅಲ್ಲ, ಕಣ್ಣು ಮಂಜಾಗಿದ್ದ ಅತ್ತೆ ಕೋಲೂರಿಕೊಂಡು ಬಂದು ಕಿಟಕಿಯ ಹತ್ತಿರ ಕೂರತೊಡಗಿದರು. ಚಿಕ್ಕವಳು ಗಟ್ಟಿಯಾಗಿ ಓದುವುದು, ಅತ್ತೆ ನಡುವೆ ತಡೆದು ಏನೋ ಕೇಳುವುದು, ಇಬ್ಬರೂ ಸೇರಿ ನಗುವುದು. ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ ದೊಡ್ಡವಳಿಗೆ ಆ ನಗು ಬೆನ್ನಿಗೆ ಚುಚ್ಚಿದಂತಾಗುತ್ತಿತ್ತು. ನಾನು ಬಂದು ಇಷ್ಟು ವರ್ಷವಾಯಿತು, ನನ್ನ ಜೊತೆ ಈ ಮುದುಕಿ ಹೀಗೆ ನಕ್ಕದ್ದು ಯಾವತ್ತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಹೋಗುವಳು.

ಒಂದು ಭಾನುವಾರ ಪಾದ್ರಿಗಳು, ಹೆಂಗಸರ ಅಧ್ಯಯನದ ಗುಂಪಿನಲ್ಲಿ ಓದಿ ಹೇಳುವವರು ಯಾರಿದ್ದೀರಿ ಎಂದು ಕೇಳಿದರು. ದೊಡ್ಡವಳು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತೆ ಚಿಕ್ಕ ಸೊಸೆಯ ಕಡೆ ಕೈ ತೋರಿಸಿ, ನಮ್ಮ ಹುಡುಗಿ ಚೆನ್ನಾಗಿ ಓದ್ತಾಳೆ ಅಂದರು. ಚಿಕ್ಕವಳು ನಾಚಿಕೊಂಡು, ಈಗಲೇ ಬೇಡ ಅಂದಳು. ಬೇಡ ಅಂದದ್ದಕ್ಕೂ ಎಲ್ಲರೂ ಅವಳನ್ನೇ ಹೊಗಳಿದರು.

ಮರುದಿನ ಅವಳು ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಅಂಗಡಿಗೆ ಕರೆದೊಯ್ದಳು. ಸಾವಧಾನವಾಗಿ ಕಣ್ಣು ನೋಡಿಸಿ, ಇದ್ದುದರಲ್ಲೇ ಒಳ್ಳೆಯ ಗಾಜು ತೆಗೆದು, ತಾನೇ ಉಜ್ಜಿ, ಹಗುರವಾದ ಚೌಕಟ್ಟಿಗೆ ಕೂರಿಸಿದಳು. ಅಂಥ ನಯವಾದ ಕೆಲಸವನ್ನು ಅವಳು ಯಾವ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ. ಅತ್ತೆ ಅದನ್ನು ಹಾಕಿಕೊಂಡು ಎದುರಿನ ಅಂಗಡಿಯ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದರು. ಓದಿ ಕಣ್ಣೀರು ಹಾಕಿದರು. ಬೀದಿಯವರೆಲ್ಲ ಸೊಸೆ ಎಂದರೆ ಹೀಗಿರಬೇಕು ಎಂದರು. ಚಿಕ್ಕವಳೂ, ಒಳ್ಳೇ ಕೆಲಸ ಮಾಡಿದಿರಿ ಅಕ್ಕ ಅಂದಳು.

ದೊಡ್ಡವಳು ಅಂದುಕೊಂಡಂತೆಯೇ ಆಯಿತು. ಅತ್ತೆ ಮಾವನ ಬೈಬಲನ್ನು ತಮ್ಮ ಕೋಣೆಗೆ ಒಯ್ದು ತಾವೇ ಓದಿಕೊಳ್ಳತೊಡಗಿದರು. ಕಿಟಕಿಯ ಹತ್ತಿರದ ನಗು ನಿಂತುಹೋಯಿತು.

ಆದರೆ ಚಿಕ್ಕವಳ ಓದು ನಿಲ್ಲಲಿಲ್ಲ. ಎಲ್ಲಿಂದಲೋ ತನಗೇ ಒಂದು ಪುಟ್ಟ ಬೈಬಲ್ ತಂದುಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತಳು. ಅಡುಗೆಮನೆಯ ಬಾಗಿಲ ಸಂದಿಯಿಂದ ದೊಡ್ಡವಳು ನೋಡಿದಳು. ಪುಟದ ನಡುವೆ ಬೆರಳಿಟ್ಟು, ಎದುರಿನ ಗೋಡೆಯನ್ನೇ ನೋಡುತ್ತಾ ಅಲ್ಲಾಡದೆ ಕೂತಿದ್ದಳು ಹುಡುಗಿ. ಹೊಗಳುವ ಅತ್ತೆ ಇಲ್ಲ, ಕೇಳುವ ಪಾದ್ರಿಗಳಿಲ್ಲ. ಒಬ್ಬಳೇ ಕೂತು ಆ ಪುಸ್ತಕದಿಂದ ಏನೋ ಪಡೆಯುತ್ತಿದ್ದಾಳೆ, ಅದು ನನಗಿಲ್ಲ ಅನ್ನಿಸಿತು ದೊಡ್ಡವಳಿಗೆ. ಅತ್ತೆಯನ್ನಾದರೆ ದೂರ ಮಾಡಬಹುದಿತ್ತು. ಇದನ್ನು ಏನು ಮಾಡುವುದು?

ಮರುದಿನ ಅವಳು ತನ್ನ ಬೈಬಲನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಒಯ್ದಳು. ಚಿಕ್ಕವಳಿಗೆ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಹುಡುಕಿ, ನಾಲ್ಕು ಜನರೆದುರು ಕೇಳಿ ಬಾಯಿ ಮುಚ್ಚಿಸಬೇಕು ಎಂಬುದು ಅವಳ ಲೆಕ್ಕ. ಗಾಜು ಉಜ್ಜುವ ಯಂತ್ರದ ಪಕ್ಕ ತೆರೆದರೆ ಬಂಗಾರದ ಅಂಚಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸಬೇಕಾಯಿತು. ಒಂದೇ ಬೀಸಿಗೆ ಬಹಳಷ್ಟು ಓದಿದಳು, ಏನೂ ತಲೆಗೆ ಹತ್ತಲಿಲ್ಲ. ಹೆಸರುಗಳ ಸಾಲು ಬಂದಲ್ಲಿ ತೂಕಡಿಸಿದಳು. ಗಂಡ ಪರದೆ ಸರಿಸಿ ನೋಡಿ, ಪರೀಕ್ಷೆ ಯಾವಾಗ ಎಂದು ಕೇಳಿ ಹೋದ. ಕೆಲವು ದಿನ ಬಿಟ್ಟೇಬಿಟ್ಟಳು. ಆದರೆ ಬೆಳಿಗ್ಗೆ ಚಿಕ್ಕವಳ ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ ಕಂಡರೆ ಸಾಕು, ಮತ್ತೆ ಕೂರುವಳು. ಭಕ್ತಿಗಿಂತ ಹೊಟ್ಟೆಕಿಚ್ಚೇ ಅವಳನ್ನು ಕೂರಿಸುತ್ತಿತ್ತು ಎನ್ನುವುದು ನಿಜ. ಹೀಗೇ ಬರಬರುತ್ತಾ, ಶಟರ್ ಎತ್ತಿ ಮೊದಲ ಗಿರಾಕಿ ಬರುವ ತನಕದ ಹೊತ್ತು ಓದಿನದಾಯಿತು. ಒಂದೇ ಏಟಿಗೆ ನುಂಗುವುದನ್ನು ಬಿಟ್ಟು ಸ್ವಲ್ಪ ಸ್ವಲ್ಪವೇ ಓದುವುದನ್ನು ಕಲಿತಳು.

ಹಾಗೆ ಮತ್ತೆ ಮೊದಲಿನಿಂದ ಓದುತ್ತಾ, ಲೋಕದ ಆದಿಯ ಆ ಅಣ್ಣತಮ್ಮಂದಿರ ಕಥೆಗೆ ಬಂದಳು. ಇಬ್ಬರೂ ದೇವರಿಗೆ ಕಾಣಿಕೆ ತರುತ್ತಾರೆ. ತಮ್ಮನದು ಒಪ್ಪಿಗೆಯಾಗುತ್ತದೆ, ಅಣ್ಣನದು ಆಗುವುದಿಲ್ಲ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ಕಥೆಯೇ. ಈಗ ಅಣ್ಣನ ಪರವಾಗಿ ಅವಳಿಗೆ ಸಿಟ್ಟು ಬಂತು. ಅವನು ಮಾಡಿದ ತಪ್ಪಾದರೂ ಏನು? ಹುಡುಕಿದಳು, ಅಲ್ಲಿ ಸ್ಪಷ್ಟವಾಗಿ ಹೇಳಿರಲಿಲ್ಲ. ಚಿಕ್ಕವಳನ್ನು ಕೇಳಲು ತಕ್ಕ ಪ್ರಶ್ನೆ ಸಿಕ್ಕಿತು ಎಂದು ಮತ್ತೊಮ್ಮೆ ಓದಿದಳು. ಆಗ ಇನ್ನೊಂದು ಕಣ್ಣಿಗೆ ಬಿತ್ತು. ತಮ್ಮನ ಜೊತೆ ದೇವರು ಒಂದು ಮಾತೂ ಆಡಿರಲಿಲ್ಲ. ಮುಖ ಊದಿಸಿಕೊಂಡು ನಿಂತ ಅಣ್ಣನನ್ನೇ ಹುಡುಕಿಕೊಂಡು ಬಂದು, ಯಾಕೆ ಹೀಗಿದ್ದೀಯ ಎಂದು ಕೇಳಿದ್ದ, ಆ ಸಿಟ್ಟಿನಲ್ಲಿ ಅಣ್ಣ ತಮ್ಮನನ್ನು ಕೊಲ್ಲುವುದಕ್ಕೆ ಮೊದಲೇ.

ಅವಳ ಕೈ ಪುಟದ ಮೇಲೆಯೇ ನಿಂತಿತು. ಯಾರಿಗಾದರೂ ಹೇಳದಿದ್ದರೆ ಆಗದು ಅನ್ನಿಸಿತು. ಪರದೆ ಸರಿಸಿದರೆ ಗಂಡ ಗಿರಾಕಿಯೊಬ್ಬನ ಮೂಗಿನ ಅಳತೆ ತೆಗೆಯುತ್ತಿದ್ದ. ಇದರ ಬೆಲೆ ತಿಳಿಯುವವಳು ಮನೆಯಲ್ಲಿ ಒಬ್ಬಳೇ ಎಂಬುದೂ ಹೊಳೆಯಿತು, ಹೊಳೆದದ್ದಕ್ಕೆ ಮತ್ತೆ ಹೊಟ್ಟೆ ಉರಿಯಿತು. ಆದರೂ ಮರುದಿನ ಬೆಳಿಗ್ಗೆ ಹಿತ್ತಿಲ ಮೆಟ್ಟಿಲಿಗೆ ಹೋಗಿ ನಿಂತೇ ಹೇಳಿದಳು.

ಚಿಕ್ಕವಳು ಆ ಪುಟ ತೆಗೆದು ನೋಡಿದಳು.

"ಇದನ್ನ ಎಷ್ಟು ಸಲ ಓದಿದೀನಿ ಅಕ್ಕ. ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ."

ದೊಡ್ಡವಳಿಗೆ ಗೆದ್ದಂತಾಗಬೇಕಿತ್ತು. ಅದರ ಬದಲು ಬಾಯಿಂದ ಬೇರೆಯೇ ಮಾತು ಬಂತು.

"ಅತ್ತೆಗೆ ಕನ್ನಡಕ ಮಾಡಿಕೊಟ್ಟಿದ್ದು ಅವರ ಮೇಲಿನ ಪ್ರೀತಿಗಲ್ಲ ಕಣೇ."

"ಗೊತ್ತು."

"ಗೊತ್ತಿದ್ದೂ ನನ್ನ ಹೊಗಳಿದೆಯಾ?"

"ಹೊಗಳಿದೆ. ಆಮೇಲೆ ಇಲ್ಲಿ ಬಂದು ಕೂತೆ. ಒಂದು ಅಕ್ಷರ ಒಳಗೆ ಹೋಗಲಿಲ್ಲ. ನಿಮ್ಮ ಮೇಲೆ ಅಷ್ಟು ಸಿಟ್ಟಿತ್ತು. ಬೆಳಗ್ಗೆಯೆಲ್ಲ ಆ ಗೋಡೇನೇ ನೋಡ್ತಾ ಕೂತಿದ್ದೆ."

ದೊಡ್ಡವಳು ಗೋಡೆಯನ್ನು ನೋಡಿದಳು, ಅವಳ ಮುಖ ನೋಡಿದಳು. ತಾನು ಅಸೂಯೆಪಟ್ಟ ಆ ಶಾಂತಿ ಎಂಥದ್ದೆಂದು ತಿಳಿದು ಅವಳಿಗೆ ತಡೆಯಲಾರದಷ್ಟು ನಗು ಬಂತು. ಚಿಕ್ಕವಳು ಮೊದಲು ಬಿಗಿದುಕೊಂಡಿದ್ದಳು, ಆಮೇಲೆ ಅವಳೂ ನಕ್ಕಳು.

ಅವತ್ತಿನಿಂದ ಇಬ್ಬರೂ ಜೀವದ ಗೆಳತಿಯರಾದರು ಎಂದೇನಿಲ್ಲ. ಮುಂದೆ ಚಿಕ್ಕವಳು ಹೆಂಗಸರ ಗುಂಪಿನಲ್ಲಿ ಓದಿ ಹೇಳಲು ಒಪ್ಪಿಕೊಂಡಾಗ ದೊಡ್ಡವಳ ಹೊಟ್ಟೆಯಲ್ಲಿ ಅದೇ ಕಿಚ್ಚು ಎದ್ದಿತು. ಅಂದು ಅವಳು ಹಿಂದಿನ ಸಾಲಿನಲ್ಲಿ ಕೂತು, ಮುಖ ಊದಿಸಿಕೊಂಡೇ ಕೇಳಿದಳು. ನಡುವೆ ಒಂದು ಕಡೆ ಅರ್ಥವಾಗದೆ ಕೈ ಎತ್ತಿದಳು. ಚಿಕ್ಕವಳು ಓದು ನಿಲ್ಲಿಸಿದಳು. ಸ್ವಲ್ಪ ಯೋಚಿಸಿ, ನನಗೂ ಗೊತ್ತಿಲ್ಲ, ನೋಡೋಣ ಎನ್ನುತ್ತಾ ಪುಟ ಹಿಂದಕ್ಕೆ ತಿರುವತೊಡಗಿದಳು. ಹಿಂದಿನ ಸಾಲಿನಲ್ಲಿ ದೊಡ್ಡವಳೂ ತಿರುವತೊಡಗಿದಳು, ಅವಳಿಗಿಂತ ಬೇಗ ಸಿಗಲಿ ಎಂದುಕೊಳ್ಳುತ್ತಾ.